ಬಾಸ್ಟನ್ನಿನ ಸಿಟ್ಗೋ ಫಲಕ: ಕಾನೂನಿನ ರಕ್ಷಣೆಯಿಲ್ಲದೆ ಉಳಿದು ಬಂದ ಜಾಹೀರಾತು

ಕೆನ್ಮೋರ್ ಕನ್ನಡಿಗ (ಚರ್ಚೆಯ ಆರಂಭ)

ಎಲ್ಲರಿಗೂ ನಮಸ್ಕಾರ. ಬಾಸ್ಟನ್ ನಗರದ ಕೆನ್ಮೋರ್ ಚೌಕದಲ್ಲಿ, ಬೀಕನ್ ಬೀದಿಯ 660ನೇ ಸಂಖ್ಯೆಯ ಕಟ್ಟಡದ ತಾರಸಿಯ ಮೇಲೆ ನಿಂತಿರುವ ಸಿಟ್ಗೋ ಫಲಕದ ಮಾತು ನಮ್ಮ ನಡುವೆ ಆಗಾಗ ಬರುತ್ತಲೇ ಇರುತ್ತದೆ. ಹೊಸದಾಗಿ ಓದಲು ಬಂದ ಹುಡುಗರಿಗೆ ದಾರಿ ಹೇಳುವಾಗಲೂ ನಾವು ಮೊದಲು ತೋರಿಸುವುದು ಅದನ್ನೇ. ಆದರೆ ಒಂದು ಪೆಟ್ರೋಲ್ ಕಂಪನಿಯ ಜಾಹೀರಾತು ಇಷ್ಟು ದೊಡ್ಡ ನಗರದ ಗುರುತಾಗಿ ಉಳಿದದ್ದು ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿ ಚರ್ಚಿಸಬೇಕೆಂದು ಈ ಎಳೆಯನ್ನು ಆರಂಭಿಸುತ್ತಿದ್ದೇನೆ.

ಫಲಕವನ್ನು ನೋಡದವರಿಗಾಗಿ ಹೇಳುವುದಾದರೆ, ಅದು 60 ಅಡಿ ಅಗಲ, 60 ಅಡಿ ಎತ್ತರದ ಚೌಕ. ಬಿಳಿಯ ಹಿನ್ನೆಲೆ, ನಡುವೆ ಕೆಂಪು ಛಾಯೆಗಳ ತ್ರಿಕೋನ, ಅದರ ಕೆಳಗೆ ನೀಲಿ ಬಣ್ಣದಲ್ಲಿ ಕಂಪನಿಯ ಹೆಸರು. ಎರಡು ಮುಖಗಳಿರುವುದರಿಂದ ಎರಡೂ ದಿಕ್ಕಿನಿಂದ ಬರುವವರಿಗೆ ಕಾಣುತ್ತದೆ.

ಈ ಜಾಗದಲ್ಲಿ ಮೊದಲ ಫಲಕ ನಿಂತದ್ದು 1940ರಲ್ಲಿ. ಆಗ ಕಂಪನಿಯ ಹೆಸರು ಸಿಟೀಸ್ ಸರ್ವಿಸ್. ಹಸಿರು ಮತ್ತು ಬಿಳಿ ಬಣ್ಣದ ಮೂರೆಲೆಯ ಚಿಹ್ನೆ ಅದರ ಗುರುತಾಗಿತ್ತು. 1965ರಲ್ಲಿ ಕಂಪನಿಯು ಸಿಟ್ಗೋ ಎಂಬ ಹೊಸ ಹೆಸರನ್ನೂ ತ್ರಿಕೋನದ ಹೊಸ ಚಿಹ್ನೆಯನ್ನೂ ಅಳವಡಿಸಿಕೊಂಡಾಗ ಹಳೆಯದನ್ನು ತೆಗೆದು ಈಗಿನ ರೂಪದ ಫಲಕವನ್ನು ನಿಲ್ಲಿಸಿದರು. ಅದರಲ್ಲಿದ್ದ ನಿಯಾನ್ ದೀಪದ ಗಾಜಿನ ಕೊಳವೆಗಳ ಸಂಖ್ಯೆ 5,878. ಒಂದರ ಹಿಂದೆ ಒಂದನ್ನು ಜೋಡಿಸಿದ್ದರೆ ಐದು ಮೈಲಿಗಿಂತ ಉದ್ದವಾಗುತ್ತಿತ್ತು.

1979ರಲ್ಲಿ ಇಂಧನದ ಬಿಕ್ಕಟ್ಟು ಮತ್ತೆ ತಲೆದೋರಿದಾಗ, ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಆಗಿದ್ದ ಎಡ್ವರ್ಡ್ ಕಿಂಗ್ ಅವರು, ಉಳಿತಾಯದ ಸಂಕೇತವಾಗಿ ಈ ಫಲಕವನ್ನು ಆರಿಸಬೇಕೆಂದರು. ಇಂಧನ ಮಾರುವ ಕಂಪನಿಯ ದೀಪವನ್ನೇ ಇಂಧನ ಉಳಿಸಲು ಆರಿಸಿದ್ದರಲ್ಲಿ ಒಂದು ಬಗೆಯ ನ್ಯಾಯವಿದೆ ಎಂದು ಈಗ ಅನಿಸಬಹುದು. ವರ್ಷಗಟ್ಟಲೆ ಕತ್ತಲಲ್ಲಿ ನಿಂತ ಫಲಕ ಗಾಳಿಗೆ, ಹಿಮಕ್ಕೆ ಹಾಳಾಯಿತು. 1982ರ ಕೊನೆಗೆ ಕಂಪನಿಯೇ ಅದನ್ನು ಕಳಚಿ ಹಾಕಲು ಹೊರಟಿತು. ಯಾರೂ ನಿರೀಕ್ಷಿಸಿರದ ವಿರೋಧ ಹುಟ್ಟಿದ್ದು ಆಗ. ರಸ್ತೆಬದಿಯ ವಾಣಿಜ್ಯ ಕಟ್ಟಡಗಳನ್ನೂ ಫಲಕಗಳನ್ನೂ ಅಧ್ಯಯನ ಮಾಡುವ ಸೊಸೈಟಿ ಫಾರ್ ಕಮರ್ಷಿಯಲ್ ಆರ್ಕಿಯಾಲಜಿ ಎಂಬ ಸಂಸ್ಥೆಯ ಪರವಾಗಿ ಆರ್ಥರ್ ಕ್ರಿಮ್ ಅವರಂಥವರು ವಾದಿಸಿದರು, ಊರಿನವರು ದನಿಗೂಡಿಸಿದರು. 1983ರ ಜನವರಿಯಲ್ಲಿ ಬಾಸ್ಟನ್ ಸ್ಮಾರಕ ಆಯೋಗವು ಕಳಚುವ ಕೆಲಸವನ್ನು ತಡೆಹಿಡಿಯಿತು. ಕೊನೆಗೆ ಕಂಪನಿಯು ಮನಸ್ಸು ಬದಲಿಸಿ, ಫಲಕವನ್ನು ದುರಸ್ತಿ ಮಾಡಿಸಿ, ಅದೇ ವರ್ಷದ ಆಗಸ್ಟ್‌ನಲ್ಲಿ ಮತ್ತೆ ಬೆಳಗಿಸಿತು.

ಗಮನಿಸಬೇಕಾದ ಸಂಗತಿ ಎಂದರೆ, ಅಷ್ಟೆಲ್ಲ ಆದರೂ ಫಲಕಕ್ಕೆ ಸ್ಮಾರಕದ ಸ್ಥಾನ ಮಾತ್ರ ಸಿಗಲಿಲ್ಲ. ಕಂಪನಿ ಉಳಿಸುತ್ತೇನೆಂದಿತು, ಆಯೋಗ ಹಿಂದೆ ಸರಿಯಿತು. 2018ರಲ್ಲಿಯೂ ಕೊನೆಗೆ ಆ ಸ್ಥಾನ ಸಿಗಲಿಲ್ಲ. ಈ ಫಲಕವನ್ನು ಇಲ್ಲಿಯವರೆಗೆ ಕಾಪಾಡಿರುವುದು ಕಾನೂನಲ್ಲ, ಕೆಡವಿದರೆ ಊರು ಸುಮ್ಮನಿರುವುದಿಲ್ಲ ಎಂಬ ಅಳುಕು ಎಂಬುದು ನನ್ನ ಅಭಿಪ್ರಾಯ. ತಿಳಿದವರು ಇದನ್ನು ಒಪ್ಪುತ್ತೀರಾ?

ಕರಾವಳಿ ಓದುಗ

ಲೇಖನ ಚೆನ್ನಾಗಿದೆ, ಆದರೆ ಅದರ ಹಿಂದಿರುವ ಅಕ್ಕರೆಯನ್ನು ನಾನು ಪೂರ್ತಿಯಾಗಿ ಹಂಚಿಕೊಳ್ಳಲಾರೆ. ಬಾಸ್ಟನ್ನಿನಲ್ಲಿ 1713ರಲ್ಲಿ ಕಟ್ಟಿದ ಹಳೆಯ ಸ್ಟೇಟ್ ಹೌಸ್ ಇದೆ, ಸ್ವಾತಂತ್ರ್ಯ ಹೋರಾಟದ ಸಭೆಗಳು ನಡೆದ ಫೆನೂಯಿಲ್ ಹಾಲ್ ಇದೆ. ಅಂಥ ಊರಿನಲ್ಲಿ ಪೆಟ್ರೋಲ್ ಕಂಪನಿಯ ಜಾಹೀರಾತನ್ನು ಪರಂಪರೆ ಎನ್ನುವುದು ನನಗೆ ಸರಿಕಾಣುವುದಿಲ್ಲ. ಕಂಪನಿಗೆ ಇದರಿಂದ ನಷ್ಟವೇನೂ ಇಲ್ಲ. ಕೂಗಳತೆಯ ದೂರದಲ್ಲಿರುವ ಫೆನ್‌ವೇ ಪಾರ್ಕ್ ಮೈದಾನದಲ್ಲಿ ಬೇಸ್‌ಬಾಲ್ ಪಂದ್ಯ ನಡೆದಾಗಲೆಲ್ಲ ಎಡಬದಿಯ ಎತ್ತರದ ಹಸಿರು ಗೋಡೆಯ ಮೇಲೆ ಈ ಫಲಕ ಟಿವಿ ಪರದೆಯಲ್ಲಿ ಕಾಣಿಸುತ್ತದೆ. ಅಷ್ಟು ಹೊತ್ತಿನ ಪ್ರಚಾರವನ್ನು ಬೇರೆ ಕಂಪನಿಗಳು ದುಡ್ಡು ಕೊಟ್ಟು ಕೊಳ್ಳಬೇಕಾಗುತ್ತದೆ.

ಇದರಲ್ಲೊಂದು ತಮಾಷೆಯೂ ಇದೆ. ಆ ಹಸಿರು ಗೋಡೆಯ ತುಂಬ ಒಂದು ಕಾಲದಲ್ಲಿ ಜಾಹೀರಾತುಗಳೇ ಇದ್ದವು. 1947ರಲ್ಲಿ ಅವನ್ನೆಲ್ಲ ಮುಚ್ಚಿ ಹಸಿರು ಬಣ್ಣ ಬಳಿದರು. ಗೋಡೆಯ ಮೇಲಿನ ಜಾಹೀರಾತು ಹೋಯಿತು, ಗೋಡೆಯ ಆಚೆಗಿನದು ಉಳಿಯಿತು, ಈಗ ಅದನ್ನೇ ಮೈದಾನದ ಸೊಬಗಿನ ಭಾಗ ಎನ್ನುತ್ತಾರೆ.

ಇನ್ನು ಮಾಲೀಕತ್ವದ ವಿಷಯ. ಕಂಪನಿಯನ್ನು 1982ರಲ್ಲಿ ಆಕ್ಸಿಡೆಂಟಲ್ ಪೆಟ್ರೋಲಿಯಂ ಕೊಂಡಿತು, ಮರುವರ್ಷ ಸಿಟ್ಗೋ ಭಾಗ ಸೌತ್‌ಲ್ಯಾಂಡ್ ಸಂಸ್ಥೆಯ ಕೈಸೇರಿತು, 1986ರಲ್ಲಿ ವೆನೆಜುವೆಲಾದ ಸರ್ಕಾರಿ ತೈಲ ಸಂಸ್ಥೆ ಪೆಡೆವೆಸಾ ಅರ್ಧ ಪಾಲನ್ನೂ 1990ರಲ್ಲಿ ಉಳಿದರ್ಧವನ್ನೂ ಪಡೆಯಿತು. ಎಂದರೆ ಬಾಸ್ಟನ್ನಿನವರು ತಮ್ಮದೆಂದು ಎದೆಗೊತ್ತಿಕೊಂಡಿರುವ ಫಲಕ ಮೂರು ದಶಕಗಳಿಗಿಂತ ಹೆಚ್ಚು ಕಾಲ ಇನ್ನೊಂದು ದೇಶದ ಸರ್ಕಾರದ ಆಸ್ತಿ. 2006ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸಭೆಯಲ್ಲಿ ವೆನೆಜುವೆಲಾದ ಅಧ್ಯಕ್ಷರಾಗಿದ್ದ ಹ್ಯೂಗೋ ಚಾವೇಸ್ ಅವರು ಅಮೆರಿಕದ ಅಧ್ಯಕ್ಷರನ್ನು ಸೈತಾನ ಎಂದು ಕರೆದಾಗ, ಬಾಸ್ಟನ್ ನಗರಸಭೆಯ ಸದಸ್ಯರೊಬ್ಬರು ಫಲಕವನ್ನು ಕಿತ್ತುಹಾಕಬೇಕೆಂದು ಒತ್ತಾಯಿಸಿದ್ದು ನೆನಪಿರಬಹುದು.

ವೋಲ್ಟೇಜ್

ಕರಾವಳಿ ಓದುಗರ ವಾದಕ್ಕೆ ಬೇರೆಯವರು ಉತ್ತರಿಸಲಿ. ನನ್ನ ಕುತೂಹಲ ದೀಪದ ಬಗ್ಗೆ. ನಾವೆಲ್ಲ ಇದನ್ನು ನಿಯಾನ್ ಫಲಕ ಎನ್ನುತ್ತಿದ್ದೇವೆ, ಆದರೆ ಅದರಲ್ಲಿ ಈಗ ನಿಯಾನ್ ಇಲ್ಲ.

ನಿಯಾನ್ ಅನಿಲವನ್ನು ವಿಲಿಯಂ ರಾಮ್ಸೆ ಮತ್ತು ಮಾರಿಸ್ ಟ್ರಾವರ್ಸ್ 1898ರಲ್ಲಿ ಕಂಡುಹಿಡಿದರು. ಗಾಜಿನ ಕೊಳವೆಯಲ್ಲಿ ಅದನ್ನು ತುಂಬಿ ದೀಪವಾಗಿಸಿ 1910ರಲ್ಲಿ ಪ್ಯಾರಿಸ್‌ನ ಮೋಟಾರು ಪ್ರದರ್ಶನದಲ್ಲಿ ತೋರಿಸಿದವರು ಫ್ರಾನ್ಸಿನ ಜಾರ್ಜ್ ಕ್ಲಾಡ್. ಕೊಳವೆಯೊಳಗಿನ ಗಾಳಿಯನ್ನು ಹೊರತೆಗೆದು, ಬಹಳ ಕಡಿಮೆ ಒತ್ತಡದಲ್ಲಿ ಅನಿಲ ತುಂಬಿ, ಎರಡು ತುದಿಗಳ ವಿದ್ಯುದ್ವಾರಗಳ ನಡುವೆ ಸಾವಿರಾರು ವೋಲ್ಟ್ ಹಾಯಿಸಿದಾಗ ಅನಿಲ ಹೊಳೆಯುತ್ತದೆ. ನಿಯಾನ್ ಕೊಡುವುದು ಕಿತ್ತಳೆಗೆಂಪು ಮಾತ್ರ. ನೀಲಿ ಬೇಕಾದರೆ ಆರ್ಗಾನ್ ಜೊತೆ ತುಸು ಪಾದರಸ ಸೇರಿಸಬೇಕು. ಬಿಳಿಯೂ ಬೇರೆ ಬಣ್ಣಗಳೂ ಬೇಕಾದರೆ ಕೊಳವೆಯ ಒಳಮೈಗೆ ಹೊಳೆಯುವ ಪುಡಿಯ ಲೇಪ ಕೊಡಬೇಕು. ಹೀಗಾಗಿ, ಸಿಟ್ಗೋ ಫಲಕದಂತೆ ಕೆಂಪು, ನೀಲಿ, ಬಿಳಿ ಮೂರೂ ಇರುವ ಫಲಕವನ್ನು ಹಳೆಯ ವಿಧಾನದಲ್ಲಿ ಕಟ್ಟುವುದೆಂದರೆ ಒಂದೇ ಚೌಕಟ್ಟಿನಲ್ಲಿ ಬೇರೆ ಬೇರೆ ಗುಣದ ದೀಪಗಳನ್ನು ಸಂಭಾಳಿಸುವುದು ಎಂದರ್ಥ. ಪಾದರಸವಿರುವ ಕೊಳವೆ ತೀವ್ರ ಚಳಿಯಲ್ಲಿ ಮಂಕಾಗುತ್ತದೆ, ಬರಿಯ ನಿಯಾನ್ ಮಂಕಾಗುವುದಿಲ್ಲ. ಬಾಸ್ಟನ್ನಿನ ಜನವರಿಯಲ್ಲಿ ಇದು ಸಣ್ಣ ತೊಂದರೆಯೇನಲ್ಲ.

ಕೊಳವೆಗಳನ್ನು ಬೆಂಕಿಯ ಮೇಲೆ ಮೆತ್ತಗಾಗಿಸಿ, ಬಾಯಿಯಿಂದ ಗಾಳಿ ಊದುತ್ತ ಕೈಯಲ್ಲೇ ಬಗ್ಗಿಸಬೇಕಾಗಿತ್ತು. ಒಂದು ಒಡೆದರೆ ಅದರ ಅಳತೆಗೆ ಇನ್ನೊಂದನ್ನು ಮಾಡಿಸಬೇಕು. ಸಮುದ್ರದ ಉಪ್ಪುಗಾಳಿ, ಹಿಮ, ಮಳೆಗಳ ನಡುವೆ ಐದು ಸಾವಿರಕ್ಕೂ ಹೆಚ್ಚು ಕೊಳವೆಗಳನ್ನು ತಾರಸಿಯ ಮೇಲೆ ಉರಿಸುತ್ತ ಇರುವುದು ದುಬಾರಿ ಕೆಲಸ. 2005ರ ಹೊತ್ತಿಗೆ ಅವನ್ನೆಲ್ಲ ತೆಗೆದು ಎಲ್‌ಇಡಿ ಹಾಕಿದರು. ವಿದ್ಯುತ್ ಖರ್ಚು ಇಳಿಯಿತೆಂಬುದು ನಿಜ. ಆದರೆ ಆ ಎಲ್‌ಇಡಿಗಳೂ ಆ ಊರಿನ ಹವೆಗೆ ಹೆಚ್ಚು ಕಾಲ ತಾಳಲಿಲ್ಲ. 2010ರಲ್ಲಿ ಮತ್ತೆ ಬದಲಿಸಬೇಕಾಯಿತು. 1983ರಲ್ಲಿ ದುರಸ್ತಿಯಾದ ಗಾಜಿನ ಕೊಳವೆಗಳು ಎರಡು ದಶಕ ನಡೆದಿದ್ದವು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ.

ಆದ್ದರಿಂದ ನನ್ನ ಪ್ರಶ್ನೆ: 1983ರಲ್ಲಿ ಜನ ಉಳಿಸಿಕೊಂಡ ವಸ್ತು 2005ರಲ್ಲಿಯೇ ಹೋಗಿಲ್ಲವೇ? ಆಗ ಪ್ರತಿಭಟಿಸದವರು ಈಗ ಪರಂಪರೆಯ ಮಾತಾಡುವುದು ಹೇಗೆ?

ಓಟಗಾರ್ತಿ

ಚಿಕ್ಕದೊಂದು ಸೇರ್ಪಡೆ. ಈ ಫಲಕದ ಮಹತ್ವ ಬೇಸ್‌ಬಾಲಿಗೆ ಮುಗಿಯುವುದಿಲ್ಲ. ಏಪ್ರಿಲ್ ತಿಂಗಳ ಮೂರನೆಯ ಸೋಮವಾರ ನಡೆಯುವ ಬಾಸ್ಟನ್ ಮ್ಯಾರಥಾನ್ ಹಾಪ್ಕಿಂಟನ್ ಊರಿನಿಂದ ಹೊರಟು, ನ್ಯೂಟನ್ನಿನ ಏರುಗಳನ್ನು ದಾಟಿ, ಬೀಕನ್ ಬೀದಿಯ ನೀಳವಾದ ಹಾದಿಗೆ ಬೀಳುತ್ತದೆ. ಕಾಲು ಸೋತಿರುವ ಆ ಹೊತ್ತಿನಲ್ಲಿ ತ್ರಿಕೋನ ಬಹು ದೂರದಿಂದಲೇ ಕಾಣಿಸಿಕೊಳ್ಳುತ್ತದೆ ಮತ್ತು ಎಷ್ಟು ಓಡಿದರೂ ಹತ್ತಿರವಾಗದಂತೆ ಸತಾಯಿಸುತ್ತದೆ. ಅದರ ಬುಡವನ್ನು ತಲುಪಿದಿರೆಂದರೆ ಉಳಿದದ್ದು ಹೆಚ್ಚುಕಡಿಮೆ ಒಂದು ಮೈಲಿ. ಓಡಿದವರು ಆ ಫಲಕವನ್ನು ಬಯ್ಯುವುದನ್ನೂ ಹೊಗಳುವುದನ್ನೂ ಒಂದೇ ಉಸಿರಿನಲ್ಲಿ ಮಾಡುತ್ತಾರೆ. ಅದು ಯಾವ ಕಂಪನಿಯದು ಎಂದು ಆಗ ಯಾರೂ ಯೋಚಿಸುವುದಿಲ್ಲ. ನಾನಂತೂ ಯೋಚಿಸಿಲ್ಲ. ವೋಲ್ಟೇಜ್ ಅವರ ಪ್ರಶ್ನೆಗೂ ಇದರಲ್ಲೇ ಒಂದು ಉತ್ತರವಿದೆ ಎನಿಸುತ್ತದೆ: ಮೂರು ಮೈಲಿ ದೂರದಿಂದ ನೋಡುವವರಿಗೆ ಬೇಕಾದದ್ದು ಆಕಾಶದಲ್ಲಿ ಆ ಆಕಾರ ಅದೇ ಜಾಗದಲ್ಲಿರುವುದು. ಕೊಳವೆಯೊಳಗೆ ಏನಿದೆ ಎಂಬುದು ಅವರಿಗೆ ಕಾಣುವುದೂ ಇಲ್ಲ.

ಹಳೇ ಕಟ್ಟಡ

ಆರಂಭಿಸಿದವರು 2018ರ ಪ್ರಸ್ತಾಪ ಮಾಡಿ ಮುಂದೆ ಹೋಗಿದ್ದಾರೆ. ಈ ಕಥೆಯ ಮುಖ್ಯ ಭಾಗ ಅಲ್ಲಿಯೇ ಇರುವುದರಿಂದ ಅದನ್ನು ತುಸು ಬಿಡಿಸಿ ಹೇಳುವುದು ಅಗತ್ಯ.

ಫಲಕ ಕಂಪನಿಯದು, ಕಟ್ಟಡ ಕಂಪನಿಯದಲ್ಲ. ಕಟ್ಟಡ ಬಹುಕಾಲ ಬಾಸ್ಟನ್ ವಿಶ್ವವಿದ್ಯಾಲಯದ ಕೈಯಲ್ಲಿತ್ತು. ಫಲಕ ಅದರ ತಾರಸಿಯಲ್ಲಿ ಬಾಡಿಗೆಗೆ ನಿಂತಿತ್ತು. 2016ರಲ್ಲಿ ವಿಶ್ವವಿದ್ಯಾಲಯವು ಕೆನ್ಮೋರ್ ಚೌಕದ ಆ ಸಾಲಿನ ಕಟ್ಟಡಗಳನ್ನು ಮಾರಾಟಕ್ಕಿಟ್ಟಾಗ, ಕೊಳ್ಳುವವರು ಫಲಕವನ್ನು ಉಳಿಸುವರೋ ಇಲ್ಲವೋ ಎಂಬ ಆತಂಕ ಹುಟ್ಟಿತು. ಉಳಿಸಬೇಕೆಂಬ ಅರ್ಜಿ ಸ್ಮಾರಕ ಆಯೋಗಕ್ಕೆ ಹೋಯಿತು, ಆಯೋಗ ಅದನ್ನು ಅಧ್ಯಯನಕ್ಕೆ ಎತ್ತಿಕೊಂಡಿತು. ಕಟ್ಟಡಗಳನ್ನು ಕೊಂಡದ್ದು ರಿಲೇಟೆಡ್ ಬೀಲ್ ಎಂಬ ನಿರ್ಮಾಣ ಸಂಸ್ಥೆ. ಹೊಸ ಮಾಲೀಕರಿಗೂ ಸಿಟ್ಗೋ ಕಂಪನಿಗೂ ಬಾಡಿಗೆಯ ವಿಷಯದಲ್ಲಿ ಹಗ್ಗಜಗ್ಗಾಟ ನಡೆಯಿತು. 2017ರ ಮಾರ್ಚ್‌ನಲ್ಲಿ ಮೇಯರ್ ಮಾರ್ಟಿ ವಾಲ್ಶ್ ಅವರ ಮಧ್ಯಸ್ಥಿಕೆಯಲ್ಲಿ ಇಬ್ಬರೂ ಒಪ್ಪಂದಕ್ಕೆ ಬಂದರು: ಫಲಕ ದಶಕಗಳ ಕಾಲ ಅಲ್ಲಿಯೇ ಇರುತ್ತದೆ.

ಆಯೋಗವು ಆ ಒಪ್ಪಂದವನ್ನು ಸಾಕೆಂದು ಬಗೆಯಲಿಲ್ಲ. 2018ರ ನವೆಂಬರ್‌ನಲ್ಲಿ ಫಲಕಕ್ಕೆ ಸ್ಮಾರಕದ ಸ್ಥಾನ ಕೊಡುವ ನಿರ್ಣಯಕ್ಕೆ ಮತ ಹಾಕಿತು. ಮೂವತ್ತೈದು ವರ್ಷಗಳ ಹಿಂದೆ ಆಗದೆ ಉಳಿದ ಕೆಲಸ ಆಗಿಯೇ ಬಿಟ್ಟಿತು ಎಂದು ಎಲ್ಲರೂ ಅಂದುಕೊಳ್ಳುವಷ್ಟರಲ್ಲಿ, ಅದೇ ತಿಂಗಳು ಮೇಯರ್ ತಮ್ಮ ಅಧಿಕಾರ ಬಳಸಿ ಆ ನಿರ್ಣಯವನ್ನು ತಿರಸ್ಕರಿಸಿದರು. ಒಪ್ಪಂದವಿರುವುದರಿಂದ ಪ್ರತ್ಯೇಕ ಸ್ಥಾನದ ಅಗತ್ಯವಿಲ್ಲ ಎಂಬುದು ಅವರ ನಿಲುವು. ನಿರ್ಣಯ ಬಿದ್ದುಹೋಯಿತು, ಫಲಕ ಇದ್ದಲ್ಲೇ ಇದೆ.

ಮೇಯರ್ ಅವರ ತರ್ಕವನ್ನು ತಳ್ಳಿಹಾಕಲಾರೆ. ಸ್ಮಾರಕವೆಂದು ಘೋಷಿಸಿದ ಮೇಲೆ ಪ್ರತಿ ಸಣ್ಣ ಬದಲಾವಣೆಗೂ ಆಯೋಗದ ಒಪ್ಪಿಗೆ ಬೇಕು; ಜಾಹೀರಾತೊಂದನ್ನು ಪ್ರದರ್ಶಿಸುತ್ತಲೇ ಇರಬೇಕೆಂದು ಖಾಸಗಿ ಕಂಪನಿಯನ್ನು ಕಾನೂನಿನಿಂದ ಕಟ್ಟಿಹಾಕುವುದು ಸುಲಭದ ಮಾತೂ ಅಲ್ಲ. ಕಂಪನಿ ಮುಚ್ಚಿಹೋದರೆ ದೀಪದ ಖರ್ಚು ಯಾರದು? ಆದರೂ ಒಪ್ಪಂದವೆಂಬುದು ಸಹಿ ಹಾಕಿದ ಇಬ್ಬರ ನಡುವಿನ ಮಾತು. ನಾಳೆ ಅವರಿಬ್ಬರೇ ಸೇರಿ ಅದನ್ನು ಬದಲಿಸಿಕೊಂಡರೆ ಊರಿಗೆ ಕೇಳುವ ಹಕ್ಕಿಲ್ಲ.

ಬೇರೆ ಊರುಗಳು ಈ ತೊಡಕನ್ನು ದಾಟಿವೆ. ನ್ಯೂಯಾರ್ಕಿನ ಲಾಂಗ್ ಐಲ್ಯಾಂಡ್ ಸಿಟಿಯಲ್ಲಿ ನದಿದಂಡೆಯ ಪೆಪ್ಸಿ ಕೋಲಾ ಫಲಕಕ್ಕೆ 2016ರಲ್ಲಿ ಆ ನಗರದ ಆಯೋಗ ಸ್ಮಾರಕದ ಸ್ಥಾನ ಕೊಟ್ಟಿತು. ಆ ಹಳೆಯ ಫಲಕವನ್ನು ನಡುವೆ ಒಮ್ಮೆ ಹೊಸದಾಗಿ ಕಟ್ಟಲಾಗಿತ್ತು, ಆದರೂ ಕೊಟ್ಟರು. ನಮ್ಮಲ್ಲಿಯೇ, ಚಾರ್ಲ್ಸ್ ನದಿಯ ಆಚೆ ಕೇಂಬ್ರಿಜ್‌ನಲ್ಲಿ 1933ರ ಶೆಲ್ ಫಲಕವಿದೆ. ಅದು 1994ರಿಂದ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಯಲ್ಲಿದೆ. ಅದೂ ತೈಲ ಕಂಪನಿಯದೇ. ಕರಾವಳಿ ಓದುಗರು ಅದನ್ನೂ ತೆಗೆಸಬೇಕೆನ್ನುತ್ತಾರೆಯೇ?

ಕರಾವಳಿ ಓದುಗ

ತೆಗೆಸಬೇಕೆಂದು ನಾನು ಎಲ್ಲಿಯೂ ಹೇಳಿಲ್ಲ. ಪರಂಪರೆ ಎಂಬ ಗೌರವವನ್ನು ಯಾರಿಗೆ ಕೊಡುತ್ತಿದ್ದೇವೆ ಎಂದು ಕೇಳಿದೆ, ಅಷ್ಟೆ. ನ್ಯೂಯಾರ್ಕಿನ ಉದಾಹರಣೆ ನನ್ನ ಸಂದೇಹವನ್ನು ಸ್ವಲ್ಪ ಸಡಿಲಿಸಿದೆ ಎಂದು ಒಪ್ಪುತ್ತೇನೆ. ಅಲ್ಲಿ ಉಳಿದದ್ದು ಪೇಯದ ಕಾರ್ಖಾನೆಯಿದ್ದ ಜಾಗದ ನೆನಪು. ಬಾಸ್ಟನ್ನಿನಲ್ಲಿ ಅಂಥ ನೆನಪಾದರೂ ಏನಿದೆ?

ಕೆನ್ಮೋರ್ ಕನ್ನಡಿಗ

ಒಬ್ಬೊಬ್ಬರಿಗೆ ಉತ್ತರಿಸಲು ಪ್ರಯತ್ನಿಸುತ್ತೇನೆ.

ಕರಾವಳಿ ಓದುಗರು ಕೇಳಿದ್ದಕ್ಕೆ: ಬಾಸ್ಟನ್ನಿನಲ್ಲಿಯೂ ಅಂಥದೊಂದು ನೆಲೆ ಇತ್ತು, ಆ ಕಟ್ಟಡದಲ್ಲಿ ಸಿಟೀಸ್ ಸರ್ವಿಸ್ ಕಂಪನಿಯ ವಿಭಾಗೀಯ ಕಚೇರಿಯಿತ್ತು. ಆದರೆ ಆ ನೆನಪಿನ ಮೇಲೆ ವಾದ ಕಟ್ಟಲು ನನಗೆ ಇಷ್ಟವಿಲ್ಲ, ಏಕೆಂದರೆ ಕಚೇರಿಯಿತ್ತು ಎಂಬ ಕಾರಣಕ್ಕೆ ಯಾರೂ ಫಲಕವನ್ನು ಪ್ರೀತಿಸಿದವರಲ್ಲ. 1960 ಮತ್ತು 70ರ ದಶಕಗಳಲ್ಲಿ ಬೀದಿಯ ದೀಪಗಳನ್ನೂ ದೊಡ್ಡ ಫಲಕಗಳನ್ನೂ ಕಲೆಯ ಕಣ್ಣಿನಿಂದ ನೋಡುವ ಅಭ್ಯಾಸ ಅಮೆರಿಕದಲ್ಲಿ ಬೆಳೆಯಿತು. ಅದಕ್ಕೂ ಮೊದಲು ಇಂಥವು ನಗರದ ಅಂದಗೆಡಿಸುವ ವಸ್ತುಗಳೆಂದೇ ವಿದ್ಯಾವಂತರ ತೀರ್ಮಾನವಾಗಿತ್ತು. ಸಿಟ್ಗೋ ಫಲಕದ ವಿನ್ಯಾಸವೂ ಆ ಕಾಲಕ್ಕೆ ಹೊಂದುವಂಥದು: ಬಾಟಲಿಯ ಚಿತ್ರವಿಲ್ಲ, ಕಾರಿನ ಚಿತ್ರವಿಲ್ಲ, ಕೊಳ್ಳಿರಿ ಎಂಬ ಮಾತಿಲ್ಲ. ಮೂರು ಬಣ್ಣ, ಒಂದು ತ್ರಿಕೋನ, ಐದಕ್ಷರದ ಹೆಸರು. ಏನನ್ನು ಮಾರುತ್ತಿದೆ ಎಂದು ಹೇಳದೆ ಇರುವುದರಿಂದಲೇ ಅದನ್ನು ಜನ ತಮಗೆ ಬೇಕಾದ್ದಕ್ಕೆ, ಓಟಕ್ಕೆ, ಆಟಕ್ಕೆ, ದಾರಿಯ ಗುರುತಿಗೆ ಬಳಸಿಕೊಳ್ಳುವುದು ಸಾಧ್ಯವಾಯಿತು.

2006ರ ಪ್ರಕರಣ ನನ್ನ ಮಾತನ್ನು ಇನ್ನಷ್ಟು ಗಟ್ಟಿಗೊಳಿಸುತ್ತದೆ. ಅದರ ಹಿಂದಿನ ವರ್ಷದ ಕೊನೆಯಲ್ಲಿ ಇದೇ ಸಿಟ್ಗೋ ಕಂಪನಿ ಮ್ಯಾಸಚೂಸೆಟ್ಸ್‌ನ ಬಡ ಕುಟುಂಬಗಳಿಗೆ ಮನೆ ಬೆಚ್ಚಗಿಡುವ ತೈಲವನ್ನು ರಿಯಾಯಿತಿಯಲ್ಲಿ ಕೊಟ್ಟಿತ್ತು. ಅದೂ ಚಾವೇಸ್ ಅವರ ರಾಜಕೀಯದ ಭಾಗವೇ. ಆ ಉಪಕಾರಕ್ಕಾಗಿ ಫಲಕವನ್ನು ಯಾರೂ ಹೆಚ್ಚು ಪ್ರೀತಿಸಲಿಲ್ಲ, ಮರುವರ್ಷದ ಬೈಗುಳಕ್ಕಾಗಿ ಅದನ್ನು ಕೆಡವಲೂ ಇಲ್ಲ. ಮಾಲೀಕನ ಗುಣದೋಷ ಫಲಕಕ್ಕೆ ಅಂಟಲಿಲ್ಲ.

ವೋಲ್ಟೇಜ್ ಅವರ ಪ್ರಶ್ನೆ ಇದಕ್ಕಿಂತ ಕಠಿಣ. ಓಟಗಾರ್ತಿಯವರ ಉತ್ತರ ನನಗೆ ಅರ್ಧ ಮಾತ್ರ ಒಪ್ಪಿಗೆ. ದೂರದಿಂದ ಆಕಾರ ಮುಖ್ಯ, ನಿಜ. ಆದರೆ ಗಾಜಿನ ಕೊಳವೆಯ ಬೆಳಕಿಗೆ ಒಂದು ಮೈತುಂಬಿದ ಗುಣವಿತ್ತು. ಎಲ್‌ಇಡಿಯ ಬೆಳಕು ಹೆಚ್ಚು ಪ್ರಖರ, ಹೆಚ್ಚು ಚೂಪು. 2005ರಲ್ಲಿ ಸ್ಮಾರಕದ ಸ್ಥಾನವಿದ್ದಿದ್ದರೆ ಆ ಬದಲಾವಣೆಗೆ ಮೊದಲು ಒಂದು ಬಹಿರಂಗ ವಿಚಾರಣೆಯಾದರೂ ನಡೆಯಬೇಕಾಗುತ್ತಿತ್ತು. ಬಹುಶಃ ಆಗಲೂ ಎಲ್‌ಇಡಿಯೇ ಗೆಲ್ಲುತ್ತಿತ್ತು, ಆದರೆ ಒಂದಿಷ್ಟು ಕೊಳವೆಗಳನ್ನಾದರೂ ಉಳಿಸಿ ಎಂದು ಕೇಳಲು ಒಂದು ಜಾಗ ಇರುತ್ತಿತ್ತು. ಊರಿನ ಅಳುಕು ಫಲಕವನ್ನು ಕೆಡವುವುದರಿಂದ ಕಾಪಾಡಬಲ್ಲದು. ಒಳಗಿನಿಂದ ಬದಲಾಗುವುದರಿಂದ ಕಾಪಾಡಲಾರದು. ಕಾನೂನಿನ ಕೊರತೆ ಕಾಣಿಸುವುದು ಇಲ್ಲಿ.

ವೋಲ್ಟೇಜ್

ಈ ವಿವರಣೆ ಸಮಾಧಾನ ತಂದಿತು. ಒಂದು ತಿದ್ದುಪಡಿ ಮಾತ್ರ: ಎಲ್‌ಇಡಿ ಚೂಪಾಗಿ ಕಾಣುವುದು ಅದರ ಸ್ವಭಾವಕ್ಕಿಂತ ಹೆಚ್ಚಾಗಿ ಜೋಡಣೆಯ ಫಲ. ಬಿಂದುಗಳ ನಡುವಿನ ಅಂತರ ಕಡಿಮೆ ಮಾಡಿ, ಮುಂದೆ ಬೆಳಕನ್ನು ಚದುರಿಸುವ ಹೊದಿಕೆ ಇಟ್ಟರೆ ಕೊಳವೆಯ ಹತ್ತಿರಕ್ಕೆ ಬರುತ್ತದೆ. ಖರ್ಚು ಮಾಡುವ ಮನಸ್ಸು ಬೇಕು.

ಹಳೇ ಕಟ್ಟಡ

ಒಪ್ಪಂದದ ಭದ್ರತೆಯ ಬಗ್ಗೆ ನಾನು ಹಿಂದೆ ಎತ್ತಿದ ಸಂದೇಹಕ್ಕೆ ಈಗ ಇನ್ನೊಂದು ಕಾರಣ ಸೇರಿದೆ. ವೆನೆಜುವೆಲಾ ಸರ್ಕಾರದಿಂದ ಬಾಕಿ ಬರಬೇಕಾದವರು, ಮೊದಲಿಗೆ ಕ್ರಿಸ್ಟಲೆಕ್ಸ್ ಎಂಬ ಕೆನಡಾದ ಗಣಿ ಕಂಪನಿ, ಅಮೆರಿಕದ ಡೆಲಾವೇರ್ ರಾಜ್ಯದಲ್ಲಿರುವ ಫೆಡರಲ್ ನ್ಯಾಯಾಲಯಕ್ಕೆ ಹೋಗಿ, ಸಿಟ್ಗೋದ ಮಾತೃಸಂಸ್ಥೆಯ ಷೇರುಗಳನ್ನು ಹರಾಜು ಹಾಕುವ ಪ್ರಕ್ರಿಯೆಯನ್ನು ಆರಂಭಿಸುವಂತೆ ಮಾಡಿದ್ದಾರೆ. ಹೊಸ ಮಾಲೀಕರು ಬಂದು ಹೆಸರನ್ನೇ ಬದಲಿಸಲು ನಿರ್ಧರಿಸಿದರೆ? 1965ರಲ್ಲಿ ಆದದ್ದು ಅದೇ ಅಲ್ಲವೇ? ಮೂರೆಲೆಯ ಹಸಿರು ಫಲಕ 25 ವರ್ಷ ಅದೇ ತಾರಸಿಯ ಮೇಲೆ ನಿಂತಿತ್ತು. ಇಂದು ಅದನ್ನು ನೆನೆಯುವವರು ಹುಡುಕಿದರೂ ಸಿಗುವುದು ಕಷ್ಟ.

ಓಟಗಾರ್ತಿ

ಹೆಸರು ಬದಲಾದರೆ ತ್ರಿಕೋನವನ್ನಷ್ಟೇ ಉಳಿಸಿಕೊಳ್ಳಲು ಸಾಧ್ಯವಿಲ್ಲವೇ? ನನಗೆ ಅಷ್ಟು ಸಾಕು.

ಕೆನ್ಮೋರ್ ಕನ್ನಡಿಗ

ತ್ರಿಕೋನವೂ ಕಂಪನಿಯ ವ್ಯಾಪಾರ ಚಿಹ್ನೆಯೇ ಆದ್ದರಿಂದ ಹೊಸ ಮಾಲೀಕರ ಒಪ್ಪಿಗೆಯಿಲ್ಲದೆ ಅದು ಕಷ್ಟ. ಆದರೆ ಹಾದಿ ಪೂರ್ತಿ ಮುಚ್ಚಿಲ್ಲ. ಬಾಸ್ಟನ್ ಸ್ಮಾರಕ ಆಯೋಗದ ನಿಯಮದಂತೆ ನಗರದ ಹತ್ತು ಮಂದಿ ನೋಂದಾಯಿತ ಮತದಾರರು ಸಹಿ ಹಾಕಿದರೆ ಯಾವುದೇ ಕಟ್ಟಡ ಅಥವಾ ವಸ್ತುವಿನ ಬಗ್ಗೆ ಅರ್ಜಿ ಸಲ್ಲಿಸಬಹುದು. 2018ರಲ್ಲಿ ಆಯೋಗ ನಡೆಸಿದ ಅಧ್ಯಯನ ಕಡತದಲ್ಲಿ ಇದ್ದೇ ಇದೆ, ಮೇಯರ್ ಸ್ಥಾನದಲ್ಲಿ ಈಗ ಬೇರೆಯವರಿದ್ದಾರೆ. ಹರಾಜಿನ ಪರಿಣಾಮ ಫಲಕದ ಮೇಲೆ ಬೀಳುವುದಕ್ಕೆ ಮೊದಲೇ ಅರ್ಜಿ ಸಿದ್ಧವಿರುವುದು ಒಳ್ಳೆಯದು ಎಂದು ನನ್ನ ಎಣಿಕೆ. ಈ ವೇದಿಕೆಯಲ್ಲಿ ಹೆಚ್ಚಿನವರು ಕೇಂಬ್ರಿಜ್, ಶ್ರೂಸ್‌ಬರಿ, ವೆಸ್ಟ್‌ಬರೋ ಕಡೆಯವರು, ನಮ್ಮ ಸಹಿ ಲೆಕ್ಕಕ್ಕೆ ಬರುವುದಿಲ್ಲ. ಬಾಸ್ಟನ್ ನಗರದ ಒಳಗೇ ವಾಸವಿದ್ದು ಅಲ್ಲಿನ ಮತದಾರರ ಪಟ್ಟಿಯಲ್ಲಿರುವವರು ಯಾರಾದರೂ ಇದ್ದರೆ ದಯವಿಟ್ಟು ಇಲ್ಲಿಯೇ ತಿಳಿಸಿ. ಅರ್ಜಿಯ ಕರಡನ್ನು ಹಳೇ ಕಟ್ಟಡ ಅವರೂ ನಾನೂ ಸೇರಿ ಬರೆಯಬಲ್ಲೆವು. ವೋಲ್ಟೇಜ್ ಅವರು ಬೆಳಕಿನ ಜೋಡಣೆಯ ಬಗ್ಗೆ ಒಂದು ಪುಟ ಬರೆದುಕೊಟ್ಟರೆ, ಮುಂದಿನ ದುರಸ್ತಿಯ ಹೊತ್ತಿಗೆ ಕೇಳಬೇಕಾದ ಬೇಡಿಕೆಯಾಗಿ ಅದನ್ನೂ ಜೊತೆಗಿಡೋಣ.